ಖರೀದಿಯ ಹೆಸರಿನ ಗೇಣಿ

ಹೊರದೇಶದ ಕನ್ನಡ ಮನೆಗಳ ವಾರಾಂತ್ಯದ ಕೂಟಗಳಲ್ಲಿ ತಂತ್ರಜ್ಞಾನಪ್ರಿಯನೊಬ್ಬ ಇದ್ದೇ ಇರುತ್ತಾನೆ. ಯಾವ ತಂತ್ರಾಂಶ ಚುರುಕು, ಯಾವ ಗೇಮ್‌ನ ಚಿತ್ರಣ ಸೊಗಸು, ಯಾವ ಚಂದಾ ಯೋಜನೆ ಅಗ್ಗ ಎಂಬುದರ ಬಗ್ಗೆ ಅವನಲ್ಲಿ ಖಚಿತ ಅಭಿಪ್ರಾಯಗಳಿರುತ್ತವೆ; ಕೇಳಿದರೂ ಹೇಳುತ್ತಾನೆ, ಕೇಳದಿದ್ದರೂ ಹೇಳುತ್ತಾನೆ. ಅವನು ತನಗೆ ತಾನೇ ಕೇಳಿಕೊಳ್ಳದ ಪ್ರಶ್ನೆ ಒಂದೇ: ಹಣ ಕೊಟ್ಟು ತಂದ ವಸ್ತು ನಾಳೆಯೂ ತನ್ನದಾಗಿ ಉಳಿಯುತ್ತದೆಯೇ? ಬೇರೆ ಯಾರಾದರೂ ಈ ಪ್ರಶ್ನೆ ಎತ್ತಿದರೆ ನಗುತ್ತಾನೆ. ಆಟ ಆಟವಷ್ಟೇ, ತಂತ್ರಾಂಶ ಸಲಕರಣೆಯಷ್ಟೇ, ಅದರಲ್ಲಿ ರಾಜಕಾರಣವೇಕೆ ಎನ್ನುತ್ತಾನೆ. ರಾಜಕಾರಣ ಇರುವುದು ಅಲ್ಲಿಯೇ.

'ದಿ ಕ್ರೂ' ಎಂಬ ಕಾರು ಓಟದ ಆಟವನ್ನು ಯೂಬಿಸಾಫ್ಟ್ ಕಂಪನಿ 2014ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿತು. ಕುಗ್ಗಿಸಿದ ಅಮೆರಿಕದ ನಕ್ಷೆಯ ಮೇಲೆ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಕಾರು ಓಡಿಸುವ ಆಟವದು. ಒಬ್ಬರೇ ಕುಳಿತು ಆಡುವುದಕ್ಕೂ ಕಂಪನಿಯ ಸರ್ವರ್‌ನ ಸಂಪರ್ಕ ಕಡ್ಡಾಯವಾಗಿತ್ತು. 2024ರ ಮಾರ್ಚ್ 31ರಂದು ಆ ಸರ್ವರ್ ನಿಂತಿತು. ಡಿಸ್ಕ್ ಕೊಂಡವರ ಕಪಾಟಿನಲ್ಲಿ ಡಿಸ್ಕ್ ಉಳಿಯಿತು, ಆಟ ಉಳಿಯಲಿಲ್ಲ. ಬೆನ್ನಿಗೇ ಕೊಂಡವರ ಖಾತೆಗಳಿಂದ ಪರವಾನಗಿಯನ್ನೂ ಹಿಂದಕ್ಕೆ ಪಡೆಯಲಾಯಿತು. ಕ್ಯಾಲಿಫೋರ್ನಿಯಾದ ಆಟಗಾರರು ನ್ಯಾಯಾಲಯದ ಮೆಟ್ಟಿಲೇರಿದಾಗ ಕಂಪನಿ ಕೊಟ್ಟ ಉತ್ತರದ ತಿರುಳು ಇಷ್ಟು: ಅವರು ಪಡೆದದ್ದು ಸೀಮಿತ ಬಳಕೆಯ ಅನುಮತಿ ಮಾತ್ರ, ಆಟದ ಒಡೆತನವಲ್ಲ.

ಈ ಮಾತಿನ ಧಾಟಿ ಕರ್ನಾಟಕಕ್ಕೆ ಹೊಸದಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನ ಗೇಣಿದಾರರು ತಿರುಗಿಬಿದ್ದ ಹೋರಾಟದಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರವೇ ದೊಡ್ಡ ವಿವಾದವಾಗಿತ್ತು. ಉಳುವವನ ಬೆವರಿಗೆ ಲೆಕ್ಕವಿರಲಿಲ್ಲ. ಅಳತೆಯ ಪಾತ್ರೆ ಮಾತ್ರ ಒಡೆಯನ ಕೈಯಲ್ಲಿತ್ತು. ಇಂದಿನ ಬಳಕೆಯ ಒಪ್ಪಂದಗಳೂ ಅಂಥದೇ ಕೊಳಗಗಳು. ಅದರ ಗಾತ್ರವನ್ನು ಒಂದೇ ಪಕ್ಷ ನಿರ್ಧರಿಸುತ್ತದೆ, ಬೇಕೆನಿಸಿದಾಗ ಬದಲಿಸುತ್ತದೆ, 'ಒಪ್ಪಿದ್ದೇನೆ' ಎಂಬ ಗುಂಡಿಯನ್ನು ಒತ್ತದವನನ್ನು ಹೊರಗೆ ನಿಲ್ಲಿಸುತ್ತದೆ. ಹೋಲಿಕೆಗೆ ಮಿತಿಯಿದೆ ಎಂಬುದು ನಿಜ. ಕಾರಿನ ಆಟ ನಿಂತುಹೋದರೆ ಯಾರ ಒಲೆಯೂ ಆರುವುದಿಲ್ಲ. ಆದರೆ ಅದೇ ಒಪ್ಪಂದ ದುಡಿಮೆಯ ಸಲಕರಣೆಗೆ ಹಬ್ಬಿದಾಗ ಒಲೆಯ ಪ್ರಶ್ನೆಯೂ ಬರುತ್ತದೆ.

ಅದು ಈಗಾಗಲೇ ಹಬ್ಬಿದೆ. ಚಿತ್ರ ತಿದ್ದುವ, ಪುಟ ಕಟ್ಟುವ ತನ್ನ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಇನ್ನು ಮುಂದೆ ಚಂದಾ ಮೂಲಕವೇ ಕೊಡುವುದಾಗಿ ಅಡೋಬಿ 2013ರಲ್ಲಿ ಸಾರಿತು. ಒಮ್ಮೆ ಕೊಂಡು ಹತ್ತು ವರ್ಷ ಬಳಸುವ ದಾರಿ ಮುಚ್ಚಿತು. ವಾರ್ಷಿಕ ಯೋಜನೆಯನ್ನು ನಡುವೆ ಬಿಡುವವರಿಗೆ ಹಾಕುವ ಶುಲ್ಕವನ್ನು ಗ್ರಾಹಕರಿಂದ ಮರೆಮಾಚಲಾಗಿದೆ ಎಂದು ಆರೋಪಿಸಿ 2024ರಲ್ಲಿ ಅಮೆರಿಕದ ಸರ್ಕಾರವೇ ಆ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ಕಲಾವಿದೆಯೊಬ್ಬಳು ಕೆಲಸ ಕಳೆದುಕೊಂಡ ತಿಂಗಳು ಚಂದಾ ಕಟ್ಟದಿದ್ದರೆ, ತನ್ನದೇ ಕೈಯ ಕೆಲಸದ ಕಡತಗಳನ್ನು ಆ ತಂತ್ರಾಂಶದಲ್ಲಿ ತಿದ್ದುವ ಶಕ್ತಿ ಅವಳಿಗಿರುವುದಿಲ್ಲ. ಹೊಲದ ಬೆಳೆ ಅವಳದು, ಹೊಲಕ್ಕೆ ಹೋಗುವ ದಾರಿ ಒಡೆಯನದು.

ಕನ್ನಡಕ್ಕೆ ಇದರ ಅರ್ಥವೇನು ಎಂಬುದನ್ನು ತಿಳಿಯಲು ಬೆಂಗಳೂರಿನ ಯಾವುದಾದರೂ ಹಳೆಯ ಡಿಟಿಪಿ ಮಳಿಗೆಯನ್ನು ನೆನೆದರೆ ಸಾಕು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಹೊರಬಂದದ್ದು 2001ರಲ್ಲಿ. ಕಂಪನಿ ಅದನ್ನು ಕೈಬಿಟ್ಟ ಮೇಲೂ ಕನ್ನಡದ ಪುಸ್ತಕಗಳು, ಲಗ್ನಪತ್ರಿಕೆಗಳು, ಚಳವಳಿಯ ಕರಪತ್ರಗಳು ವರ್ಷಗಟ್ಟಲೆ ಅದರಲ್ಲಿಯೇ ರೂಪುಗೊಂಡವು. ಮಳಿಗೆಯ ಗಣಕದಲ್ಲಿದ್ದ ಪ್ರತಿ ಯಾವ ಸರ್ವರ್‌ನ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲವಾದ್ದರಿಂದ ಇದು ಸಾಧ್ಯವಾಯಿತು. ಅದು ಚಂದಾ ತಂತ್ರಾಂಶವಾಗಿದ್ದರೆ, ದೂರದ ಕಚೇರಿಯೊಂದರ ತೀರ್ಮಾನದಿಂದ ಒಂದು ಭಾಷೆಯ ಪುಸ್ತಕೋದ್ಯಮದ ಬಹುಪಾಲು ಒಂದೇ ದಿನ ಸ್ತಬ್ಧವಾಗುತ್ತಿತ್ತು. ಇನ್ನೊಂದು ಪಾಠವೂ ಅಲ್ಲಿದೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಒಂದೊಂದು ತಂತ್ರಾಂಶವೂ ಕನ್ನಡದ ಅಕ್ಷರಗಳಿಗೆ ತನ್ನದೇ ಸಂಕೇತ ಬಳಸುತ್ತಿತ್ತು. ಆಯಾ ಫಾಂಟ್ ಇಲ್ಲದ ಗಣಕದಲ್ಲಿ ಆ ಬರಹ ಇಂದಿಗೂ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ತೆರೆದುಕೊಳ್ಳುತ್ತದೆ. ಖಾಸಗಿ ಬೀಗದೊಳಗಿನ ಬರಹ ಎಷ್ಟು ಬೇಗ ಮೂಕವಾಗುತ್ತದೆ ಎಂಬುದನ್ನು ಕನ್ನಡಿಗರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ತಂತ್ರಜ್ಞಾನಪ್ರಿಯನ ಬಳಿ ಸಮರ್ಥನೆ ಸಿದ್ಧವಾಗಿದೆ: ಸರ್ವರ್ ನಡೆಸಲು ಖರ್ಚಿದೆ, ಕಂಪನಿ ಅದನ್ನು ಎಂದೆಂದಿಗೂ ಭರಿಸಬೇಕೆ? ಯಾರೂ ಹಾಗೆ ಕೇಳಿಲ್ಲ. 'ದಿ ಕ್ರೂ' ಮುಚ್ಚಿದ ಬಳಿಕ ರಾಸ್ ಸ್ಕಾಟ್ ಆರಂಭಿಸಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಬೇಡಿಕೆ ಸಣ್ಣದು. ಬೆಂಬಲ ನಿಲ್ಲಿಸುವ ಕಂಪನಿ, ಮಾರಿದ ಆಟವನ್ನು ಆಡಬಲ್ಲ ಸ್ಥಿತಿಯಲ್ಲಿ ಬಿಟ್ಟುಹೋಗಬೇಕು. ಐರೋಪ್ಯ ಒಕ್ಕೂಟದಲ್ಲಿ ಈ ಬೇಡಿಕೆಗೆ 10 ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿದ್ದಾರೆ. ಇದು ದುಬಾರಿಯಾಗುತ್ತದೆ ಎಂದು ಉದ್ಯಮದ ಸಂಘ ಗೊಣಗಿತು. 'ಡೂಮ್' ಆಟದ ಮೂಲಸಂಕೇತವನ್ನು ಅದರ ನಿರ್ಮಾತೃಗಳು 1997ರಲ್ಲಿಯೇ ಜನರ ಕೈಗಿತ್ತರು. ಇಂದಿಗೂ ಆ ಆಟ ಹೊಸ ಹೊಸ ಯಂತ್ರಗಳ ಮೇಲೆ ಓಡುತ್ತಿದೆ. ಮೊದಲ ದಿನವೇ ಕೊನೆಯ ದಿನದ ಯೋಜನೆ ಮಾಡಿದರೆ ಖರ್ಚು ಕಡಿಮೆ ಎಂಬುದು ಯಾವ ಎಂಜಿನಿಯರನಿಗೂ ತಿಳಿಯದ ಸಂಗತಿಯಲ್ಲ.

ಕಾನೂನು ಮಲಗಿಯೇ ಇದೆ ಎನ್ನುವಂತಿಲ್ಲ, ಕಣ್ಣನ್ನು ಅರೆ ತೆರೆದಿದೆ. ಹಿಂದಕ್ಕೆ ಪಡೆಯಬಹುದಾದ ಪರವಾನಗಿಯನ್ನು ಸ್ಪಷ್ಟ ಎಚ್ಚರಿಕೆಯಿಲ್ಲದೆ 'ಖರೀದಿ' ಎಂಬ ಹೆಸರಿನಲ್ಲಿ ಮಾರುವಂತಿಲ್ಲ ಎಂಬ ಕ್ಯಾಲಿಫೋರ್ನಿಯಾದ ಶಾಸನ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಅಂಗಡಿಯ ಫಲಕ ಪ್ರಾಮಾಣಿಕವಾಯಿತು, ವ್ಯವಹಾರ ಮೊದಲಿನಂತೆಯೇ ಉಳಿಯಿತು. ಗೇಣಿಯನ್ನು ಗೇಣಿಯೆಂದು ಕರೆದ ಮಾತ್ರಕ್ಕೆ ಗೇಣಿದಾರನಿಗೆ ಭೂಮಿ ಸಿಗಲಿಲ್ಲ. ಅದಕ್ಕೆ 1974ರ ಭೂಸುಧಾರಣಾ ಕಾಯ್ದೆ ಬರಬೇಕಾಯಿತು, ಆ ಕಾಯ್ದೆಗೆ ದಶಕಗಳ ಹೋರಾಟ ಬೇಕಾಯಿತು.

ಕಳೆದುಹೋಗುತ್ತಿರುವುದು ಮನರಂಜನೆಯಷ್ಟೇ ಅಲ್ಲ. ಅಮೆರಿಕದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು. ಗ್ರಂಥಾಲಯಗಳು ಅಂಥ ಆಟಗಳನ್ನು ದೂರದ ಸಂಶೋಧಕರಿಗೆ ಜಾಲದ ಮೂಲಕ ಒದಗಿಸಲು ಅನುಮತಿ ಬೇಡಿದಾಗ ಉದ್ಯಮ ವಿರೋಧಿಸಿತು, ಕೃತಿಸ್ವಾಮ್ಯ ಕಚೇರಿ 2024ರಲ್ಲಿ ನಿರಾಕರಿಸಿತು. ತಾನು ಮಾರುವುದಿಲ್ಲ, ಇತರರು ಉಳಿಸುವುದಕ್ಕೂ ಬಿಡುವುದಿಲ್ಲ ಎಂಬ ನಿಲುವಿಗೆ ವ್ಯಾಪಾರ ಎಂಬ ಹೆಸರೂ ಒಪ್ಪುವುದಿಲ್ಲ.

ಬೇರೆ ದಾರಿ ಇಲ್ಲವೆಂಬ ಮಾತನ್ನು ಬ್ಲೆಂಡರ್ ಸುಳ್ಳಾಗಿಸಿದೆ. ಅದನ್ನು ರೂಪಿಸಿದ್ದ ಕಂಪನಿ ಮುಚ್ಚಿದಾಗ, 2002ರಲ್ಲಿ ಬಳಕೆದಾರರೇ ಏಳು ವಾರಗಳಲ್ಲಿ ಒಂದು ಲಕ್ಷ ಯೂರೋ ಕೂಡಿಸಿ ಮೂಲಸಂಕೇತವನ್ನು ಬಿಡಿಸಿಕೊಂಡರು. ಆ ಮುಕ್ತ ತಂತ್ರಾಂಶದಲ್ಲಿ ತಯಾರಾದ ಲಾಟ್ವಿಯಾದ 'ಫ್ಲೋ' ಚಿತ್ರ 2025ರಲ್ಲಿ ಶ್ರೇಷ್ಠ ಅನಿಮೇಷನ್ ಚಿತ್ರದ ಆಸ್ಕರ್ ಗೆದ್ದಿತು.

ವಾರಾಂತ್ಯದ ಕೂಟದ ತಂತ್ರಜ್ಞಾನಪ್ರಿಯ ಬರಿಯ ಗ್ರಾಹಕನಲ್ಲ ಎಂಬುದೇ ಇಲ್ಲಿ ಮುಖ್ಯ. ಸೋಮವಾರ ಬೆಳಿಗ್ಗೆ ಅವನು ಸನಿವೇಲ್‌ನಲ್ಲೋ ಸಿಂಗಾಪುರದಲ್ಲೋ ಅದೇ ಬೀಗಗಳನ್ನು ಬರೆಯುವ ಕೆಲಸಕ್ಕೆ ಹೋಗುತ್ತಾನೆ. ಅವನ ಅಜ್ಜ ಗೇಣಿ ಕೊಟ್ಟವನಿರಬಹುದು, ಗೇಣಿ ಪಡೆದವನೂ ಇರಬಹುದು. ಎರಡರಲ್ಲಿ ಯಾವುದಾದರೂ ಕೊಳಗದ ಕತೆ ಅವನ ಮನೆಗೆ ತಿಳಿದದ್ದೇ. ವಿನ್ಯಾಸದ ಸಭೆಯಲ್ಲಿ 'ಈ ಸರ್ವರ್ ನಿಂತ ದಿನ ಕೊಂಡವರ ಗತಿಯೇನು' ಎಂದು ಕೇಳುವ ಅಧಿಕಾರ ಅವನಿಗಿದೆ. ಆ ಪ್ರಶ್ನೆಯನ್ನು ಕಡತದಲ್ಲಿ ದಾಖಲಿಸುವ ಅಧಿಕಾರವೂ ಇದೆ. ಯಾವ ಆಟ ಸೊಗಸು ಎಂಬ ಅಭಿಪ್ರಾಯವನ್ನು ಅದಾದ ಮೇಲೆ ಹೇಳಲಿ. ಕೂಟದವರು ಸಂತೋಷದಿಂದ ಕೇಳುತ್ತಾರೆ.