ಎರಡನೇ ರೈಡರ್ ಎಲ್ಲಿ ಸ್ವಾಮೀ?

ಬೆಂಗಳೂರು ಬುಲ್ಸ್ 2025ರಲ್ಲಿ ಪ್ಲೇಆಫ್ ಸೇರಿದ್ದೇ ಸೇರಿದ್ದು, ‘ಹಳೆಯದನ್ನೆಲ್ಲ ಬಿಡಿ ಮಾರಾಯ್ರೆ, ತಂಡ ಸರಿಯಾಯಿತಲ್ಲ’ ಎನ್ನುವ ಉದಾರಿಗಳು ನಮ್ಮ ಸಂಪಾಜೆ, ಕಲ್ಲುಗುಂಡಿಗಳಲ್ಲೂ ಹುಟ್ಟಿಕೊಂಡಿದ್ದಾರೆ. ಬಿಡುವುದು ಹೇಗೆ? 2024ರ ಹನ್ನೊಂದನೇ ಆವೃತ್ತಿಯ ಪ್ರೊ ಕಬಡ್ಡಿಯಲ್ಲಿ ಬುಲ್ಸ್ ಆಡಿದ್ದು 22 ಪಂದ್ಯ, ಗೆದ್ದದ್ದು 2. ಸೋಲು 19, ಟೈ ಒಂದು. ಕಣದಲ್ಲಿದ್ದದ್ದು ಹನ್ನೆರಡು ತಂಡ, ನಮ್ಮದು ಹನ್ನೆರಡನೇ ಸ್ಥಾನ. ಹದಿಮೂರನೆಯದೊಂದು ಸ್ಥಾನ ಇರಲಿಲ್ಲವಾದ್ದರಿಂದ ಮರ್ಯಾದೆ ಅಷ್ಟಕ್ಕೇ ಉಳಿಯಿತು.

22ರಲ್ಲಿ 2 ಎಂಬ ಈ ಲೆಕ್ಕಕ್ಕೆ ಸಿದ್ಧವಾಗಿರುವ ಸಬೂಬು ಒಂದೇ: ‘ರೈಡರ್ ಪ್ರದೀಪ್ ನರ್ವಾಲ್‌ಗೆ ವಯಸ್ಸಾಗಿತ್ತು.’ ಆಗ ಅವರಿಗೆ ಎಷ್ಟು ವಯಸ್ಸು? 27. ಮುಪ್ಪು ಈಗ ಅಷ್ಟು ಬೇಗ ಬರುತ್ತದೆಯೆಂದು ಗೊತ್ತಿರಲಿಲ್ಲ. ಇರಲಿ, ಎದುರಾಳಿಗಳ ಕೈಯಡಿ ನುಸುಳುವ ಅವರ ಡುಬ್ಕಿ ಮೊದಲಿನಷ್ಟು ಚುರುಕಾಗಿರಲಿಲ್ಲ ಎಂದೇ ಇಟ್ಟುಕೊಳ್ಳಿ. ಹರಾಜಿನಲ್ಲಿ 70 ಲಕ್ಷಕ್ಕೆ ಕೈಯೆತ್ತಿದವರಿಗೆ ಅದು ಕಾಣಲಿಲ್ಲವೇ? ಕಂಡಿದ್ದರೆ ನಾಯಕನ ಪಟ್ಟ ಕಟ್ಟಿದ್ದು ಯಾಕೆ? ಅದೇ ಹರಾಜಿನಲ್ಲಿ ರೈಡರ್ ಭರತ್ ಹೂಡಾರನ್ನು ಯುಪಿ ಯೋಧಾಸ್ 1.30 ಕೋಟಿ ಕೊಟ್ಟು ಒಯ್ದಾಗ ಸುಮ್ಮನೆ ನೋಡುತ್ತ ಕೂತಿದ್ದು ಯಾರು? ಅಜಿಂಕ್ಯ ಪವಾರ್‌ಗೆ ಕೋಟಿಗೂ ಮೀರಿ ಸುರಿದರು. ಹೆಸರುಗಳೇನೋ ಬಂದವು. ಆ ಹೆಸರುಗಳನ್ನು ಕೂಡಿಸಿ ಒಂದು ದಾಳಿಪಡೆ ಕಟ್ಟುವ ಕೆಲಸ ಕೋಚ್ ರಣಧೀರ್ ಸಿಂಗ್ ಸೆಹ್ರಾವತ್ ಅವರದಾಗಿತ್ತು. ಕಟ್ಟಿದರೇ? ಉತ್ತರ ಅಂಕಪಟ್ಟಿಯಲ್ಲಿದೆ.

ಕಬಡ್ಡಿ ಗೊತ್ತಿಲ್ಲದವರಿಗೆ ಈ ಸಿಟ್ಟು ಅರ್ಥವಾಗಲಿಕ್ಕಿಲ್ಲ. ನಮ್ಮೂರಿನ ಹೈಸ್ಕೂಲು ಹುಡುಗನಿಗೆ ಅರ್ಥವಾಗುತ್ತದೆ. ರೈಡರ್ ಸಿಕ್ಕಿಬಿದ್ದರೆ ಹೊರಗೆ. ತನ್ನವರು ಎದುರಿನವರಲ್ಲಿ ಒಬ್ಬನನ್ನು ಔಟ್ ಮಾಡುವ ತನಕ ಅವನು ಗೆರೆಯಾಚೆ ಕೂತಿರಬೇಕು. ಅಂದರೆ ಒಬ್ಬನನ್ನೇ ನಂಬಿದ ತಂಡದಲ್ಲಿ ಅವನು ಔಟಾದರೆ, ಅವನನ್ನು ಒಳಗೆ ತರಬೇಕಾದವರು ಅಂಕ ತರಲಾರದ ಉಳಿದವರು! ಅವರೇನು ಮಾಡುತ್ತಾರೆ? ಗೆರೆ ಮುಟ್ಟಿ ಖಾಲಿ ಕೈಯಲ್ಲಿ ಬರುತ್ತಾರೆ. ಒಂದು ಖಾಲಿ, ಎರಡು ಖಾಲಿ, ಮೂರನೆಯದು ‘ಡು ಆರ್ ಡೈ’: ಅಂಕ ತರಲೇಬೇಕು, ಇಲ್ಲವಾದರೆ ಔಟ್. ಆಗ ಹೋಗುವವನು ಹೆದರಿದ ಹುಡುಗ. ಎದುರಿನ ಎರಡೂ ಕಾರ್ನರ್‌ಗಳು ಅವನಿಗಾಗಿಯೇ ಕಾದಿರುತ್ತವೆ. ಅವನೂ ಹೊರಗೆ, ಎದುರಾಳಿಗೆ ಅಂಕ. ಹೀಗೆಯೇ ಅಂಕಣ ಖಾಲಿಯಾಗಿ ಆಲೌಟ್, ಮೇಲೆ ಇನ್ನೆರಡು ಅಂಕ ದಾನ. ಇದಕ್ಕೆ ದುರದೃಷ್ಟ ಎಂದು ಹೆಸರಿಡುವವರು ಪಂದ್ಯದ ಬದಲು ಪಂಚಾಂಗ ನೋಡಲಿ.

ಕೊನೆ ತೆಗೆಯುವವ ಊರಿಗೆಲ್ಲ ಒಬ್ಬನೇ ಇದ್ದು, ಅವನು ಜ್ವರ ಬಂದು ಮಲಗಿದರೆ ಅಡಿಕೆ ಮರದಲ್ಲೇ ಹಣ್ಣಾಗಿ ಉದುರುತ್ತದೆಂದು ಸುಳ್ಯ ಸೀಮೆಯ ಯಾವ ಕೃಷಿಕನಿಗೆ ಗೊತ್ತಿಲ್ಲ? ಎರಡನೆಯವನಿಗೆ ಮೊದಲೇ ಹೇಳಿಟ್ಟುಕೊಳ್ಳುತ್ತಾನೆ. ಕೋಟಿಗಟ್ಟಲೆ ಹಣದ ತಂಡಕ್ಕೆ ಮಾತ್ರ ಆ ಬುದ್ಧಿ ಬರಲಿಲ್ಲ.

ಕಲಿಯಲು ದೂರ ಹೋಗಬೇಕಿರಲಿಲ್ಲ. ಪಾಠ ಬೆಂಗಳೂರಿನಲ್ಲೇ ನಡೆದಿತ್ತು. ಎಂಟನೇ ಆವೃತ್ತಿ ಪೂರ್ತಿ ನಡೆದದ್ದು ವೈಟ್‌ಫೀಲ್ಡ್‌ನಲ್ಲಿ. ಅದಕ್ಕೆ ಮೊದಲು ಪಾಟ್ನಾ ಪೈರೇಟ್ಸ್ ತಂಡ ತನಗೆ ಮೂರು ಕಪ್ ಗೆದ್ದುಕೊಟ್ಟ ಪ್ರದೀಪರನ್ನೇ ಬಿಟ್ಟುಕೊಟ್ಟಿತ್ತು. ಯುಪಿ ಯೋಧಾ 1.65 ಕೋಟಿಗೆ ಅವರನ್ನು ಕೊಂಡಿತು. ಇನ್ನು ಪಾಟ್ನಾ ಮುಗಿಯಿತು ಎಂದರು ಪಂಡಿತರು. ಆದದ್ದೇನು? ಸಚಿನ್, ಮೋನು ಗೋಯತ್, ಗುಮಾನ್ ಸಿಂಗ್ ಮತ್ತು ನಮ್ಮ ಪುತ್ತೂರಿನ ಪ್ರಶಾಂತ್ ಕುಮಾರ್ ರೈ ದಾಳಿಯನ್ನು ಹಂಚಿಕೊಂಡರು. ಪಾಟ್ನಾ ಅಂಕಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಸೆಮಿಫೈನಲ್‌ನಲ್ಲಿ ಎದುರಾದದ್ದು ಪ್ರದೀಪ್ ಇದ್ದ ಯುಪಿ. ಪಾಟ್ನಾ ಅದನ್ನು 38–27ರಿಂದ ಮನೆಗೆ ಕಳಿಸಿತು. ಫೈನಲ್‌ನಲ್ಲಿ ದಬಾಂಗ್ ಡೆಲ್ಲಿಗೆ ಒಂದೇ ಅಂಕದಿಂದ, 36–37ರಲ್ಲಿ ಸೋತಿತು. ಆ ಪಾಟ್ನಾದ ನಾಯಕ ಇದೇ ಪ್ರಶಾಂತ್ ರೈ. ಪುತ್ತೂರಿನವನು ಬೆಂಗಳೂರಿನ ಅಂಕಣದಲ್ಲಿ ಫೈನಲ್ ಆಡಿದ, ಪಾಟ್ನಾದ ಅಂಗಿ ತೊಟ್ಟು! ಬೆಂಗಳೂರಿನ ಹೆಸರು ಹೊತ್ತ ತಂಡ ಸೆಮಿಯಲ್ಲೇ ಸೋತು ಕೂತಿತ್ತು. ಎರಡು ಆವೃತ್ತಿ ಕಳೆದ ಮೇಲೆ ನಮ್ಮವರು ಆ ಪಾಠವನ್ನು ತಲೆಕೆಳಗಾಗಿ ಓದಿ, ಪಾಟ್ನಾ ಯಾರನ್ನು ಬಿಟ್ಟು ಫೈನಲ್ ತಲುಪಿತೋ ಅವರನ್ನೇ ತಂದು ಎಲ್ಲ ಭಾರ ಹೊರಿಸಿದರು.

ಒಬ್ಬನ ಹೆಗಲೇರುವ ಚಟ ಬುಲ್ಸ್‌ಗೆ ಹಿಡಿದದ್ದು ರೈಡರ್ ಪವನ್ ಸೆಹ್ರಾವತ್ ಕಾಲದಲ್ಲಿ. 2019ರ ಜನವರಿಯಲ್ಲಿ ಗುಜರಾತನ್ನು 38–33ರಿಂದ ಸೋಲಿಸಿ ಕಪ್ ಎತ್ತಿದ ಆ ಫೈನಲ್‌ನಲ್ಲಿ ಪವನ್ ಒಬ್ಬರೇ 22 ಅಂಕ ತಂದರು. ಮರು ಆವೃತ್ತಿಯಲ್ಲಿ ಹರಿಯಾಣ ವಿರುದ್ಧ ಒಂದೇ ಪಂದ್ಯದಲ್ಲಿ 39. ನೋಡಲು ಹಬ್ಬ, ಒಪ್ಪಿದೆ. ಆದರೆ ಆ ಹಬ್ಬದ ಗದ್ದಲದಲ್ಲಿ ‘ಪವನ್ ಹೊರಗೆ ಕೂತರೆ ಯಾರು?’ ಎಂಬ ಪ್ರಶ್ನೆ ಯಾರ ಕಿವಿಗೂ ಬೀಳಲಿಲ್ಲ. ಏಳನೇ ಆವೃತ್ತಿಯಲ್ಲಿ ಸೆಮಿ ಸೋಲು, ಎಂಟರಲ್ಲಿ ಸೆಮಿ ಸೋಲು. ಪವನ್ ಹೋದ ಮೇಲೆ ಒಂಬತ್ತರಲ್ಲೂ ಜೈಪುರದೆದುರು 29–49ರ ಸೆಮಿ ಸೋಲು. ಹನ್ನೊಂದರ ಮೊದಲ ಪಂದ್ಯದಲ್ಲೇ ಎದುರು ನಿಂತದ್ದು ತೆಲುಗು ಟೈಟನ್ಸ್ ಮತ್ತು ಅದರ ನಾಯಕ ಪವನ್. ಸೋತದ್ದು 29–37. ತಾನು ಬೆಳೆಸಿದವನ ಕೈಯಲ್ಲೇ ಪೆಟ್ಟು ತಿಂದರೂ ಎಚ್ಚರವಾಗಲಿಲ್ಲ.

‘ಕೋಚ್ ಅಂಕಣಕ್ಕಿಳಿದು ಆಡುತ್ತಾನೆಯೇ?’ ಎಂಬ ಜಾಣ ಪ್ರಶ್ನೆ ಇನ್ನೊಂದಿದೆ. ಇಲ್ಲ. ಆದರೆ ಏಳು ಮಂದಿ ಯಾರು, ಬೆಂಚಿನಲ್ಲಿ ಯಾರು, ಖಾಲಿ ರೈಡ್ ಯಾರದು, ‘ಡು ಆರ್ ಡೈ’ ಯಾರದು ಎಂದು ಹೇಳುವವನು ಅವನೇ. ಕೋಚ್ ಬಿ.ಸಿ. ರಮೇಶ್ ಅವರನ್ನು ನೋಡಿ. ಏಳನೇ ಆವೃತ್ತಿಯ ಫೈನಲ್ ಹೊತ್ತಿಗೆ ಬೆಂಗಾಲ್ ವಾರಿಯರ್ಸ್‌ನ ಪ್ರಧಾನ ರೈಡರ್ ಮಣಿಂದರ್ ಸಿಂಗ್ ಗಾಯಗೊಂಡು ಹೊರಗೆ. ಬೇರೆ ಕೋಚ್ ಆಗಿದ್ದರೆ ಅಂದೇ ಸಬೂಬು ಬರೆದಿಡುತ್ತಿದ್ದರು. ರಮೇಶ್ ಅವರ ಹುಡುಗರು ಇರಾನಿನ ನಬಿಬಕ್ಷ್ ಮತ್ತು ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ ಅವರನ್ನು ಮುಂದಿಟ್ಟುಕೊಂಡು ಡೆಲ್ಲಿಯನ್ನು 39–34ರಿಂದ ಮಣಿಸಿದರು. ಹತ್ತನೇ ಆವೃತ್ತಿಯಲ್ಲಿ ಅದೇ ರಮೇಶ್ ಪುಣೇರಿ ಪಲ್ಟನ್‌ಗೆ ಕಪ್ ಗೆದ್ದುಕೊಟ್ಟರು. ಅಸ್ಲಂ, ಮೋಹಿತ್, ಪಂಕಜ್, ಯಾರು ಸಿಕ್ಕಿಬಿದ್ದರೂ ಮುಂದಿನವನು ಸಿದ್ಧ. ಕೊನೆಗೆ 2025ರಲ್ಲಿ ಬುಲ್ಸ್‌ಗೂ ಅವರೇ ಬಂದರು, ಕೊನೆಯಲ್ಲಿದ್ದ ತಂಡ ಪ್ಲೇಆಫ್ ಸೇರಿತು. ಇನ್ನೂ ಕೋಚ್‌ನಿಂದ ಏನೂ ಆಗುವುದಿಲ್ಲ ಎನ್ನುವಿರಾ? 1801 ರೈಡ್ ಅಂಕ ಗಳಿಸಿದ ಪ್ರದೀಪ್ ಮಾತ್ರ ಆ ವರ್ಷದ ಹರಾಜಿನಲ್ಲಿ ಯಾರಿಗೂ ಬೇಡವಾಗಿ ನಿವೃತ್ತಿ ಹೇಳಿದರು. ತಂಡ ಕಟ್ಟಿದವರ ತಪ್ಪಿಗೆ ತಲೆ ಕೊಟ್ಟದ್ದು ಆಟಗಾರ.

ಅಷ್ಟಕ್ಕೂ ಈ ತಂಡ ಬೆಂಗಳೂರಿನದೇ? 2024ರಲ್ಲಿ ಲೀಗ್ ನಡೆದದ್ದು ಹೈದರಾಬಾದ್, ನೋಯ್ಡಾ, ಪುಣೆಯಲ್ಲಿ. 2025ರಲ್ಲಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಯಲ್ಲಿ. ಎರಡು ವರ್ಷ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಒಂದು ಪಂದ್ಯವಿಲ್ಲ. ಸಂಪಾಜೆಯಿಂದ ಘಾಟಿ ಹತ್ತಿ, ಮಡಿಕೇರಿ ಮೈಸೂರು ದಾಟಿ ಬೆಂಗಳೂರಿಗೆ ಹೋಗಿ ಕೂಗೋಣವೆಂದರೆ ಕೂಗಲು ತಂಡವೇ ಅಲ್ಲಿಲ್ಲ! ಸುಳ್ಯ, ಪುತ್ತೂರು, ಕಡಬದಲ್ಲಿ ಮಳೆ ಬಿಟ್ಟರೆ ಸಾಕು, ಹೊನಲು ಬೆಳಕಿನ ಪಂದ್ಯಾಟಗಳ ಸಾಲು. ಮಣ್ಣಿನಲ್ಲಿ ಬೆಳೆದ ಹುಡುಗರು ಈಗ ಮ್ಯಾಟ್ ಮೇಲೆ ಆಡುತ್ತಾರೆ. ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಎಂದು ಬಹುಮಾನ ಕೊಟ್ಟು ಚಪ್ಪಾಳೆ ತಟ್ಟಿ ಕಳಿಸುತ್ತೇವೆ. ಎಲ್ಲಿಗೆ? ಸೀದಾ ಮನೆಗೆ. ಇಂಥ ಅಂಕಣದ ಬದಿಯಲ್ಲಿ ಬುಲ್ಸ್‌ನ ಒಬ್ಬ ಪ್ರತಿನಿಧಿ ಪುಸ್ತಕ ಹಿಡಿದು ಕೂತದ್ದನ್ನು ನಾನಂತೂ ನೋಡಿಲ್ಲ. ಕರಾವಳಿಯವರ ಬೆಲೆ ಪಾಟ್ನಾಕ್ಕೆ, ಗುಜರಾತಿಗೆ, ಬೆಂಗಾಲಕ್ಕೆ ಗೊತ್ತಾಯಿತು. ಬೆಂಗಳೂರಿಗೆ ಘಟ್ಟದ ಕೆಳಗಿನದ್ದು ಕಾಣುವುದು ಮೀನಿನ ಊಟದ ಹೊತ್ತಿಗೆ ಮಾತ್ರ.

ಇನ್ನು, ತಂಡ ಸರಿಯಾಯಿತು ಎಂದು ಕುಣಿಯುವವರಿಗೆ ಒಂದು ಮಾತು. 2025ರಲ್ಲೂ ಬೆನ್ನೆಲುಬಾದದ್ದು ಇರಾನಿನ ಅಲಿರೆಜಾ ಮಿರ್ಜಾಯಿಯಾನ್ ಎಂಬ ಒಬ್ಬ ರೈಡರ್. ಚೆನ್ನಾಗಿ ಆಡಿದ, ಸಂತೋಷ. ಆದರೆ ಪವನ್ ಆಡಿದಾಗಲೂ ನಾವು ಹೀಗೆಯೇ ಸಂತೋಷಪಟ್ಟಿದ್ದೆವು. ಮುಂದಿನ ಹರಾಜಿಗೆ ಕೂರುವ ಮೊದಲು ಆಡಳಿತದವರು ಪೋಸ್ಟರಿನಲ್ಲಿ ಯಾರ ಮುಖ ಹಾಕಬೇಕೆಂದು ಯೋಚಿಸುವುದನ್ನು ಬಿಟ್ಟು, ಆ ಮುಖ ಹೊರಗೆ ಕೂತಾಗ ಗೆರೆ ದಾಟುವ ಎರಡನೆಯವನ, ಮೂರನೆಯವನ ಹೆಸರು ಬರೆದಿಟ್ಟುಕೊಳ್ಳಲಿ. ಅಷ್ಟೂ ಆಗದಿದ್ದರೆ ಟಿಕೆಟ್ಟು, ಅಂಗಿ, ಟೋಪಿ ಮಾರಲು ನಮ್ಮ ಕಡೆ ಬರಬೇಡಿ. 22ರಲ್ಲಿ 2 ಗೆಲ್ಲುವ ತಂಡವನ್ನು ನಾವು ಪುಕ್ಕಟೆಯಾಗಿಯೇ ಕಟ್ಟಿಕೊಡುತ್ತೇವೆ. ಬಹುಶಃ ಮೂರು ಗೆಲ್ಲುತ್ತೇವೆ.