ಹಿಮದಡಿಯ ಉಸಿರು

ಮೈಸೂರಿನಿಂದ ಒಬ್ಬ ತಾಯಿ ಬರೆದ ಪತ್ರ ಈ ವಾರದ ಬರಹಕ್ಕೆ ಕಾರಣವಾಗಿದೆ. ಅವರ ಮಗ ಉದ್ಯೋಗದ ನಿಮಿತ್ತ ಫಿನ್ಲೆಂಡಿನಲ್ಲಿದ್ದಾನೆ. ಹಿಂದೊಮ್ಮೆ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬಳಿ ಕಡಲಿಗಿಳಿದು ಬಣ್ಣದ ಮೀನುಗಳನ್ನು ಕಂಡುಬಂದ ಹುಡುಗ, ಅಲ್ಲಿಂದೀಚೆಗೆ ಆ ವಿದ್ಯೆಯನ್ನು ಕ್ರಮವಾಗಿ ಕಲಿತು ಸ್ವಂತ ಸಲಕರಣೆಗಳನ್ನೂ ಕೊಂಡಿದ್ದಾನೆ. ಬರುವ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲ್ಪದರವನ್ನು ಕೊರೆದು ಅದರಡಿಯಲ್ಲಿ ಮುಳುಗಲು ಹೊರಟಿದ್ದಾನಂತೆ. “ಕಡಲಿಗೆ ಕೊಂಡ ಉಸಿರಾಟದ ಸಾಧನವೇ ಅಲ್ಲಿಗೂ ಆದೀತೆ? ಬಹಳ ಹಗುರವಾಗಿ ಉಸಿರು ಬರುತ್ತದಮ್ಮ, ಚಿಂತೆ ಬೇಡ ಎನ್ನುತ್ತಾನೆ” ಎಂದು ಆ ತಾಯಿ ಕೇಳಿದ್ದಾರೆ.

ಹಗುರವಾಗಿ ಬರುತ್ತದೆ ಎಂಬುದೇ ಇಲ್ಲಿ ಚಿಂತೆಗೆ ಕಾರಣ. ಹೇಗೆಂಬುದನ್ನು ವಿವರಿಸಬೇಕು.

ಈ ಸಾಧನದ ಹೆಸರು ರೆಗ್ಯುಲೇಟರ್. ನಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ಮೇಲೆ ಕೂರುವ ರೆಗ್ಯುಲೇಟರಿಗೂ ಇದಕ್ಕೂ ದಾಯಾದಿ ಸಂಬಂಧವುಂಟು. ಒತ್ತಡವನ್ನು ತಗ್ಗಿಸಿ ಕೊಡುವುದು ಎರಡರ ಕೆಲಸವೂ ಹೌದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಪೆಟ್ರೋಲು ದೊರೆಯದೆ ಮೋಟಾರುಗಳನ್ನು ಅನಿಲದಿಂದ ಓಡಿಸಬೇಕಾಗಿ ಬಂದಾಗ ಎಮಿಲ್ ಗಾನ್ಯಾನ್ ಎಂಬ ಇಂಜಿನಿಯರು ಒಂದು ಕವಾಟವನ್ನು ರೂಪಿಸಿದ್ದರು. ಅದನ್ನೇ ಮಾರ್ಪಡಿಸಿ, ನೌಕಾಪಡೆಯ ಅಧಿಕಾರಿ ಝಾಕ್ ಕೂಸ್ಟೋ ಅವರೊಡಗೂಡಿ 1943ರಲ್ಲಿ ಮುಳುಗುಗಾರನ ಬೆನ್ನಿನ ಸಿಲಿಂಡರಿಗೆ ಹೊಂದಿಸಿದರು. ಇಂದಿನ ರೆಗ್ಯುಲೇಟರುಗಳೆಲ್ಲ ಆ ವಂಶದವೇ.

ಸಿಲಿಂಡರಿನಲ್ಲಿ ಗಾಳಿಯನ್ನು ವಾತಾವರಣದ ಸುಮಾರು 200 ಪಟ್ಟು ಒತ್ತಡದಲ್ಲಿ ತುಂಬಿರುತ್ತಾರೆ. ಸಿಲಿಂಡರಿನ ಕುತ್ತಿಗೆಗೆ ಬಿಗಿದಿರುವ ಮೊದಲ ಹಂತವು ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ವಾತಾವರಣದ 9-10 ಪಟ್ಟಿನಷ್ಟು ಮಾತ್ರ ಮೇಲಿರುವ ಮಟ್ಟಕ್ಕೆ ಇಳಿಸುತ್ತದೆ. ಬಾಯಲ್ಲಿ ಕಚ್ಚಿ ಹಿಡಿಯುವ ಎರಡನೆಯ ಹಂತವು, ನಾವು ಉಸಿರೆಳೆದಾಗ ಮಾತ್ರ ತೆರೆದು, ನೀರಿನ ಒತ್ತಡಕ್ಕೆ ಸರಿಯಾಗಿ ಗಾಳಿ ಕೊಡುತ್ತದೆ. ಸೈಕಲ್ಲಿನ ಚಕ್ರದಿಂದ ಗಾಳಿ ಬಿಡುವಾಗ ಬೆರಳನ್ನು ಅಡ್ಡ ಹಿಡಿದವರಿಗೆ ಹೊರಬರುವ ಗಾಳಿ ತಣ್ಣಗಿರುವುದು ತಿಳಿದಿದೆ. 200 ಪಟ್ಟಿನಿಂದ 10ಕ್ಕೆ ಒಮ್ಮೆಗೇ ಇಳಿಯುವ ಗಾಳಿಯ ತಂಪು ಎಷ್ಟಿರಬೇಕು! ಅದು ಶೂನ್ಯಕ್ಕಿಂತ ಬಹಳ ಕೆಳಗೆ ಹೋಗುತ್ತದೆ. ನೇತ್ರಾಣಿಯ ಬೆಚ್ಚಗಿನ ನೀರು ಆ ಲೋಹಕ್ಕೆ ಎಡೆಬಿಡದೆ ಶಾಖ ಕೊಟ್ಟು ಕಾಪಾಡುತ್ತದೆ. ಹೆಪ್ಪುಗಟ್ಟಿದ ಸರೋವರದಲ್ಲಾದರೋ ಮಂಜುಗಡ್ಡೆಗೆ ತಾಗಿದ ನೀರು ಶೂನ್ಯ ಡಿಗ್ರಿ, ತಳದ ನೀರು ಹೆಚ್ಚೆಂದರೆ 4 ಡಿಗ್ರಿ. ಸಾಲ ಕೊಡಲು ಅದರ ಬಳಿ ಶಾಖವೇ ಇಲ್ಲ.

ಆಗ ನಡೆಯುವುದು ಇಷ್ಟು. ಸಾಮಾನ್ಯ ಮಾದರಿಗಳಲ್ಲಿ ಆಳದ ಒತ್ತಡವನ್ನು ಅರಿಯಲೆಂದು ಮೊದಲ ಹಂತದ ಸ್ಪ್ರಿಂಗಿನ ಸುತ್ತ ನೀರು ಓಡಾಡುವಂತೆ ಬಿಟ್ಟಿರುತ್ತಾರೆ. ಆ ನೀರು ಅಲ್ಲಿಯೇ ಹೆಪ್ಪುಗಟ್ಟಿ ಕವಾಟವನ್ನು ಮುಚ್ಚಗೊಡುವುದಿಲ್ಲ. ಕೊಳವೆಯಲ್ಲಿ ಒತ್ತಡ ಏರಿ, ಎರಡನೆಯ ಹಂತ ತಾನಾಗಿಯೇ ತೆರೆದುಕೊಂಡು ಗಾಳಿ ಭೋರೆಂದು ಸುರಿಯತೊಡಗುತ್ತದೆ. ಹೆಚ್ಚು ಗಾಳಿ ಹರಿದಷ್ಟೂ ತಂಪು ಹೆಚ್ಚು. ತಂಪು ಹೆಚ್ಚಿದಷ್ಟೂ ಹೆಪ್ಪು ಗಟ್ಟಿ. ತುಂಬಿದ ಸಿಲಿಂಡರು ಕೆಲವೇ ನಿಮಿಷಗಳಲ್ಲಿ ಬರಿದಾಗಬಹುದು. ತೆರೆದ ಕಡಲಿನಲ್ಲಿ ನೇರವಾಗಿ ಮೇಲೇರಬಹುದು. ಇಲ್ಲಿ ತಲೆಯ ಮೇಲಿರುವುದು ಮಂಜಿನ ಚಾವಣಿ, ಬಾಗಿಲು ಒಂದೇ. ಎರಡನೆಯ ಹಂತಕ್ಕೆ ಬೇರೊಂದು ಕಂಟಕವುಂಟು: ನಾವು ಬಿಡುವ ಉಸಿರಿನ ತೇವವೇ ಅದರ ಸನ್ನೆಗೋಲಿನ ಮೇಲೆ ಹರಳುಗಟ್ಟಿ ಅದನ್ನು ಹಿಡಿದುಬಿಡುತ್ತದೆ.

ಆದ್ದರಿಂದ ಕೊಳ್ಳುವಾಗ ನೋಡಬೇಕಾದ ಮೊದಲ ಗುಣ, ಸ್ಪ್ರಿಂಗಿನ ಕೋಣೆಗೆ ನೀರು ಹೋಗದಂತೆ ಹೊರಗೊಂದು ರಬ್ಬರಿನ ಪೊರೆಯಿಂದ ಮುಚ್ಚಿರಬೇಕೆಂಬುದು. ನೀರಿನ ಒತ್ತಡ ಆ ಪೊರೆಯ ಮೂಲಕ ಒಳಗೆ ತಿಳಿಯುತ್ತದೆ, ನೀರು ಮಾತ್ರ ಹೊರಗೇ ಉಳಿಯುತ್ತದೆ. ಎರಡನೆಯ ಹಂತದಲ್ಲಿ ಪ್ಲಾಸ್ಟಿಕ್ಕಿಗಿಂತ ಲೋಹ ಮೇಲು. ಬಿಟ್ಟ ಉಸಿರಿನ ಬಿಸಿಯನ್ನೂ ಸುತ್ತಲಿನ ನೀರಿನ ಅಷ್ಟಿಷ್ಟು ಶಾಖವನ್ನೂ ಅದು ಕವಾಟಕ್ಕೆ ಒಯ್ಯುತ್ತದೆ. ಯೂರೋಪಿನಲ್ಲಿ ಇ.ಎನ್. 250 ಎಂಬ ಪ್ರಮಾಣವಿದೆ. ತಣ್ಣೀರಿನ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಸಾಧನದ ಮೇಲೆ, ಇದು 10 ಡಿಗ್ರಿಗಿಂತ ಬೆಚ್ಚಗಿನ ನೀರಿಗೆ ಮಾತ್ರವೆಂಬ ಗುರುತಿರುತ್ತದೆ. ಆ ಗುರುತಿದ್ದರೆ ಮರುಮಾತಿಲ್ಲದೆ ಅದನ್ನು ಬೇಸಿಗೆಗೆ ಎತ್ತಿಡತಕ್ಕದ್ದು. ಆದರೆ ಪರೀಕ್ಷೆ ನಡೆಯುವುದು ಸುಮಾರು 4 ಡಿಗ್ರಿ ನೀರಿನಲ್ಲಿ. ಮಂಜಿನಡಿಯ ಶೂನ್ಯಕ್ಕೂ ಅದಕ್ಕೂ ಇರುವ ಅಂತರ ಚಿಕ್ಕದಾದರೂ, ಹೆಪ್ಪುಗಟ್ಟುವ ವಿಷಯದಲ್ಲಿ ಆ ಅಂತರವೇ ಸರ್ವಸ್ವ.

ಇನ್ನು ಹೊಂದಿಸುವ ಮಾತು. ಎಳನೀರಿನ ಕೊಳವೆಯಲ್ಲಿ ಒಂದು ಅಂಗುಲ ನೀರನ್ನು ಮೇಲೆಳೆಯಲು ಬೇಕಾಗುವಷ್ಟು ಅಲ್ಪ ಪ್ರಯತ್ನಕ್ಕೇ ತೆರೆದುಕೊಳ್ಳುವಂತೆ ಒಳ್ಳೆಯ ರೆಗ್ಯುಲೇಟರನ್ನು ಹದಗೊಳಿಸಿರುತ್ತಾರೆ. ಹುಡುಗ ಮೆಚ್ಚಿಕೊಂಡಿರುವುದು ಇದನ್ನೇ. ಇಷ್ಟು ಸಡಿಲವಾದ ಕವಾಟ, ಒತ್ತಡ ತುಸು ಏರಿದರೂ ಸೋರತೊಡಗುತ್ತದೆ. ಹಿಮದಡಿಗೆ ಹೋಗುವ ಮುನ್ನ ಅದನ್ನು ಸ್ವಲ್ಪ ಬಿಗಿ ಮಾಡಿಸಬೇಕು. ಮೊದಲ ಹಂತದ ಒತ್ತಡವನ್ನು ತಯಾರಕರು ಒಪ್ಪಿದ ಮಿತಿಯೊಳಗೆ ಕೆಳ ಅಂಚಿಗೆ ಇಳಿಸಬೇಕು. ಹಾಗೆಂದು ತೀರ ಬಿಗಿ ಮಾಡುವುದೂ ಸಲ್ಲದು. ಉಸಿರೆಳೆಯಲು ಹೆಣಗುವವನು ಬೇಗ ದಣಿಯುತ್ತಾನೆ, ದಣಿದವನು ಏದುಸಿರು ಬಿಟ್ಟು ಇನ್ನಷ್ಟು ಗಾಳಿ ಎಳೆಯುತ್ತಾನೆ. ಒತ್ತಡಮಾಪಕವನ್ನು ಮುಂದಿಟ್ಟುಕೊಂಡು, ಆ ಮಾದರಿಯಲ್ಲಿ ತರಬೇತಾದ ಕುಶಲಕರ್ಮಿಯೇ ಇದನ್ನು ಮಾಡತಕ್ಕದ್ದು. ಹಾಸ್ಟೆಲಿನ ಮೇಜಿನ ಮೇಲೆ ಸ್ಕ್ರೂಡ್ರೈವರ್ ಹಿಡಿದು ಮಾಡುವ ಕೆಲಸವಲ್ಲ. ಕೆಲವು ಮಾದರಿಗಳಲ್ಲಿ ಗಾಳಿಯ ಸೆಳೆತವನ್ನು ತಗ್ಗಿಸುವ ಚಿಕ್ಕ ಹಿಡಿಯೊಂದು ಹೊರಗೇ ಇರುತ್ತದೆ. ನೀರಿಗಿಳಿಯುವಾಗ ಅದು ತಗ್ಗಿದ ಸ್ಥಿತಿಯಲ್ಲಿರಲಿ.

ಅಂಟಾರ್ಕ್ಟಿಕದ ಮ್ಯಾಕ್‌ಮರ್ಡೋ ಕೊಲ್ಲಿಯಲ್ಲಿ ಕಡಲ ನೀರು ಶೂನ್ಯಕ್ಕಿಂತಲೂ 1.8 ಡಿಗ್ರಿ ಕೆಳಗಿರುತ್ತದೆ. ಅಲ್ಲಿ ವಿಜ್ಞಾನಿಗಳು ಸಂಶೋಧನೆಗಾಗಿ ವರ್ಷವರ್ಷವೂ ಮುಳುಗುತ್ತ ಬಂದಿದ್ದಾರೆ. ಅವರ ರೂಢಿಗಳು ಮನೆವಾರ್ತೆಯಷ್ಟು ಸರಳ. ಇಳಿಯುವ ಗಳಿಗೆಯವರೆಗೆ ರೆಗ್ಯುಲೇಟರನ್ನು ಬೆಚ್ಚಗೆ, ಒಣಗಿಸಿ ಇಡುತ್ತಾರೆ. ತಲೆ ನೀರಿನಲ್ಲಿ ಮುಳುಗುವವರೆಗೆ ಅದರಿಂದ ಉಸಿರಾಡುವುದಿಲ್ಲ. ಮೇಲಿನ ಕೊರೆಯುವ ಗಾಳಿಯಲ್ಲಿ ಒಂದು ಸಲ ಅದರೊಳಗೆ ಉಸಿರು ಬಿಟ್ಟರೂ ತೇವ ಹರಳಾದೀತು. ಪರೀಕ್ಷಿಸಲೇಬೇಕಾದರೆ ಒಳಗೆಳೆದುಕೊಂಡು, ಬಾಯಿಂದ ತೆಗೆದು, ಹೊರಗೆ ಬಿಡಬೇಕು. ಒಳಗೆ ನುಗ್ಗಿದ ನೀರನ್ನು ಹೊರದೂಡುವ ಗುಂಡಿಯನ್ನು ಬಲವಾಗಿ ಒತ್ತುವುದೂ ಉಡುಪಿಗೆ ಒಂದೇ ಸಮನೆ ಗಾಳಿ ತುಂಬುವುದೂ ನಿಷಿದ್ಧ. ಚೂರುಚೂರೇ, ಬಿಟ್ಟುಬಿಟ್ಟು ತುಂಬಬೇಕು. ಸಿಲಿಂಡರಿಗೆ ತುಂಬಿದ ಗಾಳಿಯಲ್ಲೂ ತೇವ ಇರಕೂಡದು.

ಇಷ್ಟೆಲ್ಲ ಮಾಡಿಯೂ ಒಂದು ದಿನ ಸಾಧನ ಹೆಪ್ಪುಗಟ್ಟೀತು ಎಂದೇ ಅವರು ಎಣಿಸುತ್ತಾರೆ. ಅದಕ್ಕಾಗಿ ಸಿಲಿಂಡರಿನ ಕುತ್ತಿಗೆ ಕವಲೊಡೆದು, ಎರಡು ಕವಾಟಗಳಿಗೆ ಎರಡು ಬೇರೆ ಬೇರೆ ಪೂರ್ಣ ರೆಗ್ಯುಲೇಟರುಗಳಿರುತ್ತವೆ. ಒಂದು ಸುರಿಯತೊಡಗಿದರೆ ಇನ್ನೊಂದನ್ನು ಬಾಯಿಗಿಟ್ಟು, ಕೆಟ್ಟದ್ದರ ಕವಾಟವನ್ನು ತಿರುಗಿಸಿ ಮುಚ್ಚಿ, ರಂಧ್ರದ ಕಡೆಗೆ ಹಿಂದಿರುಗಬೇಕು. ಗಾಳಿಯ ಓಟ ನಿಂತರೆ ಹೆಪ್ಪು ಕರಗಲು ಸುತ್ತಲಿನ ನೀರೇ ಸಾಕು. ದಪ್ಪ ಕೈಗವಸು ತೊಟ್ಟು, ಬೆನ್ನ ಹಿಂದಿನ ಆ ಹಿಡಿಯನ್ನು ಕಣ್ಣಿಗೆ ಕಾಣದೆಯೇ ತಿರುಗಿಸುವುದನ್ನು ಬೇಸಿಗೆಯ ನೀರಿನಲ್ಲೇ ಹತ್ತಾರು ಸಲ ಅಭ್ಯಾಸ ಮಾಡಿರಬೇಕು. ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಯನ್ನು ಮೇಲೆ ನಿಂತವನೊಬ್ಬ ಇಡೀ ಹೊತ್ತು ಕೈಬಿಡದೆ ಹಿಡಿದಿರಬೇಕು.