ಕರೆಗಂಟೆಯೂ ಮಾತಿನ ಕೊಳವೆಯೂ

ಯಾವುದೇ ಉಪಕರಣದ ಗುಣದೋಷಗಳನ್ನು ವಿಮರ್ಶಿಸುವಾಗ ಅದರ ವೇಗವೆಷ್ಟು, ಬೆಲೆಯೆಷ್ಟು ಎಂದು ನಾವು ಕೇಳುತ್ತೇವೆ. ಅದು ಯಾರಿಗೆ ಮಾತನಾಡುವ ಅವಕಾಶವನ್ನು ಕೊಡುತ್ತದೆ, ಯಾರಿಗೆ ಕೊಡುವುದಿಲ್ಲ ಎಂದು ಕೇಳುವುದು ಅಪೂರ್ವ. ಚಿತ್ರದುರ್ಗದಲ್ಲಾಗಲಿ ಹಿರಿಯೂರಿನಲ್ಲಾಗಲಿ ಅಧಿಕಾರಿಗಳ ಮೇಜಿನ ಮೇಲೆ ಕರೆಗಂಟೆಯನ್ನು ಕಾಣುವುದು ಸಾಮಾನ್ಯ. ಗುಂಡಿಯನ್ನು ಒತ್ತಿದೊಡನೆ ಬಾಗಿಲ ಹೊರಗಿನ ಜವಾನನು ಎದ್ದು ಒಳಗೆ ಬರುತ್ತಾನೆ. ಜವಾನನು ಅಧಿಕಾರಿಯನ್ನು ಕರೆಯುವ ಗಂಟೆಯನ್ನು ಮಾತ್ರ ನಾವು ಕಂಡಿಲ್ಲ.

ಈ ಗಂಟೆಯ ಪೂರ್ವಜರನ್ನು ವಿಕ್ಟೋರಿಯಾ ರಾಣಿಯ ಕಾಲದ (೧೮೩೭–೧೯೦೧) ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ ನೋಡಬಹುದು. ಅಲ್ಲಿ ಪ್ರತಿಯೊಂದು ಕೋಣೆಯ ಗೋಡೆಯಲ್ಲೂ ಒಂದು ಹಿಡಿ ಇರುತ್ತಿತ್ತು. ಅದನ್ನು ಎಳೆದರೆ ಗೋಡೆಯೊಳಗೆ ಹಾಯ್ದ ತಂತಿಯು ಜಗ್ಗುತ್ತಿತ್ತು. ತಿರುವುಗಳಲ್ಲಿ ಮೊಣಕೈಯಂತೆ ಬಾಗಿದ ಲೋಹದ ಸನ್ನೆಗಳು ಎಳೆತದ ದಿಕ್ಕನ್ನು ಬದಲಿಸುತ್ತಿದ್ದವು. ಕೊನೆಗೆ ಸೇವಕರಿರುವ ಕೆಳಮನೆಯಲ್ಲಿ ಸಾಲಾಗಿ ತೂಗುಹಾಕಿದ ಗಂಟೆಗಳಲ್ಲೊಂದು ಬಾರಿಸುತ್ತಿತ್ತು. ಯಾವ ಕೋಣೆಯ ಕರೆಯೆಂದು ತಿಳಿಯಲು ಕೆಲವೆಡೆ ಗಂಟೆಗೊಂದು ಪುಟ್ಟ ಲೋಲಕವನ್ನೂ ಜೋಡಿಸುತ್ತಿದ್ದರು. ಸದ್ದು ಅಡಗಿದ ಮೇಲೂ ಅದು ಸ್ವಲ್ಪ ಹೊತ್ತು ಓಲಾಡುತ್ತಿತ್ತು. ಶತಮಾನದ ಕೊನೆಯ ವೇಳೆಗೆ ತಂತಿಯ ಎಳೆತಕ್ಕೆ ಬದಲಾಗಿ ವಿದ್ಯುತ್ಕೋಶವೂ ವಿದ್ಯುತ್ಕಾಂತವೂ ಬಂದವು. ಯಂತ್ರವು ಸುಧಾರಿಸಿತು, ಕರೆಯ ದಿಕ್ಕು ಬದಲಾಗಲಿಲ್ಲ. ಮೇಲಿನವರು ಎಳೆಯಬೇಕು, ಕೆಳಗಿನವರು ಓಡಬೇಕು. ಏತಕ್ಕೆ ಕರೆದರೆಂಬುದು ಕೂಡ ಮೆಟ್ಟಿಲು ಹತ್ತಿದ ಮೇಲೆಯೇ ತಿಳಿಯುತ್ತಿತ್ತು.

ಅದೇ ಕಾಲದ ಇನ್ನೊಂದು ಸಾಧನವೆಂದರೆ ಮಾತಿನ ಕೊಳವೆ. ಎರಡು ಕೋಣೆಗಳ ನಡುವೆ ಒಂದು ಕೊಳವೆ, ಎರಡು ತುದಿಗಳಲ್ಲೂ ಸೀಟಿಯುಳ್ಳ ಬಿರಡೆ. ಮಾತನಾಡಬಯಸುವವನು ತನ್ನ ಬಿರಡೆಯನ್ನು ತೆಗೆದು ಊದಿದರೆ ಆಚೆಯ ಸೀಟಿಯು ಕೂಗುವುದು. ಅಲ್ಲಿಯವನು ತನ್ನ ಬಿರಡೆಯನ್ನು ತೆಗೆದು ಕಿವಿಗೊಡುವನು. ಇದರ ತತ್ತ್ವವು ಸರಳ. ತೆರೆದ ಬಯಲಿನಲ್ಲಿ ಧ್ವನಿಯು ಎಲ್ಲ ದಿಕ್ಕುಗಳಿಗೂ ಹರಡುವುದರಿಂದ ದೂರವು ಎರಡರಷ್ಟಾದಾಗ ಅದರ ತೀವ್ರತೆಯು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಕೊಳವೆಯಲ್ಲಿ ಹೀಗೆ ಹರಡಲು ಎಡೆಯಿಲ್ಲ. ಗೋಡೆಯ ಘರ್ಷಣೆಯಿಂದ ಆಗುವಷ್ಟೇ ಮುಖ್ಯ ನಷ್ಟ. ಫ್ರಾನ್ಸಿನ ಭೌತವಿಜ್ಞಾನಿ ಬಿಯೊ ೧೮೦೮ರ ಸುಮಾರಿಗೆ ಪ್ಯಾರಿಸ್ಸಿನ ನೀರಿನ ಕೊಳವೆಗಳಲ್ಲಿ ೯೫೧ ಮೀಟರ್ ದೂರದಿಂದ ಪಿಸುಮಾತನ್ನೂ ಕೇಳಿಸಿಕೊಂಡರು. ಸೆಕೆಂಡಿಗೆ ಸುಮಾರು ೩೪೦ ಮೀಟರ್ ಸಾಗುವ ಧ್ವನಿಗೆ ಆ ದಾರಿ ಮೂರು ಸೆಕೆಂಡುಗಳಿಗಿಂತ ಕಡಿಮೆಯದು.

ಕೊಳವೆಯ ಹಿರಿಮೆಯು ದೂರದಲ್ಲಿ ಮಾತ್ರವಲ್ಲ, ಅದರ ಎರಡು ತುದಿಗಳೂ ಸಮವಾಗಿರುವುದರಲ್ಲಿದೆ. ಬಾಯಿಯಿಟ್ಟರೆ ಬಾಯಿ, ಕಿವಿಯಿಟ್ಟರೆ ಕಿವಿ. ಕೆಳಗಿನವನೂ ಊದಬಲ್ಲನು, ಪ್ರಶ್ನಿಸಬಲ್ಲನು, ಇಲ್ಲವೆನ್ನಬಲ್ಲನು.

ಕರೆಯು ಕೆಳಗಿನಿಂದ ಮೇಲಕ್ಕೆ ಹೋಗುವುದು ನಮ್ಮ ನೆಲಕ್ಕೆ ಹೊಸದಲ್ಲ. ದುರ್ಗದ ಕೋಟೆಯ ಕಾವಲುಗಾರನ ಕೈಯಲ್ಲಿದ್ದ ಕಹಳೆಯು ಅಂಥದು. ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ ಓಬವ್ವನು ಒನಕೆಯನ್ನು ಹಿಡಿದು ಕಿಂಡಿಯ ಬಳಿ ನಿಂತ ಕಥೆಯನ್ನು ಅರಿಯದ ವಿದ್ಯಾರ್ಥಿಯಿಲ್ಲ. ಆಕೆಯ ಗಂಡನು ಬಂದು ಕಹಳೆಯನ್ನೂದಿದ ಮೇಲೆಯೇ ಕೋಟೆಯ ಸೈನ್ಯವು ಎಚ್ಚೆತ್ತಿತೆಂದು ಆ ಕಥೆಯು ಹೇಳುತ್ತದೆ. ಸಾಮಾನ್ಯ ಕಾವಲುಗಾರನೊಬ್ಬನ ಕರೆಗೆ ಅರಮನೆಯು ಓಗೊಡಲೇಬೇಕಾಗಿತ್ತು. ಅಪಾಯವನ್ನು ಮೊದಲು ಕಾಣುವವನು ಕೆಳಗಿರುವವನೇ. ಆದುದರಿಂದ ಅವನ ಕರೆಗೆ ದಾರಿಯಿಲ್ಲದ ವ್ಯವಸ್ಥೆಯು ಅನ್ಯಾಯವಾದುದು ಮಾತ್ರವಲ್ಲ, ಅವಿವೇಕವಾದುದೂ ಹೌದು.

ಇಂದು ಕೈಕೈಗೂ ಮೊಬೈಲ್ ಫೋನ್ ಇರುವಾಗ ಕೊಳವೆಯ ಮಾತೇಕೆಂದು ಕೆಲವರು ಕೇಳಬಹುದು. ಆಕ್ಷೇಪಣೆಯು ಉಚಿತವೇ. ಆದರೆ ಫೋನಿನ ಒಳಗುಟ್ಟು ಕಣ್ಣಿಗೆ ಕಾಣದು, ಕೊಳವೆಯದು ಕಾಣುತ್ತದೆ. ಮೇಲಾಗಿ, ನಡುಮನೆಯಲ್ಲಿ ಎಲ್ಲರ ಕೈಯಲ್ಲೂ ಫೋನುಗಳಿದ್ದರೂ ಹಿಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯು ನೀರಿಗಾಗಿ ಕೂಗಿ ಕೂಗಿ ಸುಮ್ಮನಾಗುವ ಮನೆಗಳು ಇಲ್ಲದಿಲ್ಲ. ಮಂದದೃಷ್ಟಿಯವರಿಗೆ, ನಡುಗುವ ಬೆರಳುಗಳವರಿಗೆ ಗಾಜಿನ ಪರದೆಯು ನೆರವಾಗದು.

ಹೊಸದುರ್ಗ, ಹೊಳಲ್ಕೆರೆಗಳ ತೆಂಗು ಅಡಿಕೆಯ ತೋಟಗಳಲ್ಲಿ ನೀರಾವರಿಯ ಕಪ್ಪು ಪೈಪಿನ ತುಂಡುಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಒಂದಂಗುಲ ವ್ಯಾಸದ ಹದಿನೈದು ಇಪ್ಪತ್ತು ಮೀಟರ್ ಪೈಪು, ಎರಡು ಆಲಿಕೆಗಳು, ಇಷ್ಟು ಸಾಕು. ಪೈಪನ್ನು ಚೆನ್ನಾಗಿ ತೊಳೆದು ಒಣಗಿಸಬೇಕು. ಎಲ್ಲಿಯೂ ಮಡಿಸಿ ಚಪ್ಪಟೆಯಾಗಿಸದೆ ದೊಡ್ಡ ಬಾಗುಗಳಲ್ಲಿ ಸಾಗಿಸಬೇಕು. ಒಂದು ತುದಿಯು ಹಾಸಿಗೆಯ ಬಳಿ ಇರಲಿ, ಇನ್ನೊಂದು ಅಡಿಗೆಮನೆಯಲ್ಲಿರಲಿ. ಹಳೆಯ ಕಾಲದ ಬಿರಡೆಯನ್ನು ಮರೆಯದಿರೋಣ. ಅದು ಕರೆಯ ಸಾಧನವೂ ಹೌದು, ಗುಟ್ಟಿನ ಕಾವಲೂ ಹೌದು; ಬಿರಡೆಯಿಲ್ಲದ ಕೊಳವೆಯು ಅಡಿಗೆಮನೆಯ ಮಾತನ್ನೆಲ್ಲ ಅಜ್ಜಿಗೆ ಮುಟ್ಟಿಸೀತು. ಶಾಲೆಗಳಲ್ಲಿಯೂ ಮುಖ್ಯೋಪಾಧ್ಯಾಯರ ಕೋಣೆಗೂ ತರಗತಿಗೂ ನಡುವೆ ವಿದ್ಯಾರ್ಥಿಗಳೇ ಇಂಥದೊಂದನ್ನು ಕಟ್ಟಲಿ ಎಂಬುದು ನಮ್ಮ ಸೂಚನೆ. ಧ್ವನಿಶಾಸ್ತ್ರದ ಪಾಠವನ್ನು ಅದು ಕಪ್ಪುಹಲಗೆಗಿಂತ ಚೆನ್ನಾಗಿ ಕಲಿಸೀತು.

ಮುಂದೆ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಎಂಜಿನಿಯರುಗಳಾಗಿ ಆಸ್ಪತ್ರೆಗಳಿಗೆ, ಕಾರ್ಖಾನೆಗಳಿಗೆ, ಕಚೇರಿಗಳಿಗೆ ಸಂಪರ್ಕಸಾಧನಗಳನ್ನು ರಚಿಸುವರು. ನಕ್ಷೆಯನ್ನು ಬರೆಯಲು ಕುಳಿತಾಗ ಅವರು ಒಂದು ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳಬೇಕೆಂದು ನಾವು ಬಯಸುತ್ತೇವೆ: ಈ ತಂತಿಯ ಆ ತುದಿಯಲ್ಲಿರುವವನು ನಮ್ಮನ್ನು ಕರೆಯಬಲ್ಲನೆ?